ಕೋವಿ, ಮದ್ದು, ಮಂತ್ರ: ಫ್ಲಿಂಟ್‌ಲಾಕ್ ಕಾಲದ ಫ್ಯಾಂಟಸಿ ಲೋಕ ಕಟ್ಟುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟದಲ್ಲಿ, ಅಂದರೆ ಮೇಜಿನ ಸುತ್ತ ಕೂತು ಡೈಸ್ ಹಾಕಿ ಪಾತ್ರವಾಗಿ ಆಡುವ ಆಟದಲ್ಲಿ, ಡ್ರ್ಯಾಗನ್, ಗವಿ, ಉಕ್ಕಿನ ಕವಚ ಎಲ್ಲಾ ಆಡಿ ಮುಗಿಸಿ, ಈಗ ಕೋವಿ ಕಾಲದ ಲೋಕವೊಂದು ಬೇಕು ಅನ್ನುವ ಗೇಮ್ ಮಾಸ್ಟರ್‌ಗಳಿಗಾಗಿ, ಅಂದರೆ ಆಟ ನಡೆಸುವವರಿಗಾಗಿ ಇದು. ಉದಾಹರಣೆಗಳು ಹೆಚ್ಚಾಗಿ 1760ರಿಂದ 1799ರವರೆಗಿನ ಮೈಸೂರು ಸೀಮೆಯವು. ಯಾಕೆ ಅನ್ನುವುದಕ್ಕೂ ಕೆಳಗೆ ಉತ್ತರ ಇದೆ.

ಫ್ಲಿಂಟ್‌ಲಾಕ್ ಕಾಲ ಅಂದರೆ ಯಾವ ಕಾಲ?

ಸುಮಾರಾಗಿ 1610ರಿಂದ 1840. ಚಕಮಕಿ ಕಲ್ಲಿನ ಕಿಡಿಯಿಂದ ಹಾರುವ ಕೋವಿ 17ನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡಿತು. ಕೇಪಿನ ಕೋವಿ ಬಂದ ಮೇಲೆ ಮೂಲೆಗೆ ಸೇರಿತು. ಆದರೆ ಆಟಕ್ಕೆ ಇನ್ನೂರು ವರ್ಷ ಜಾಸ್ತಿಯಾಯಿತು. ಮೂವತ್ತು, ನಲವತ್ತು ವರ್ಷದ ಒಂದು ತುಂಡು ಆರಿಸಿಕೊಳ್ಳಿ. 1650ರ ಸೈನ್ಯದಲ್ಲಿ ಈಟಿಗಾರರೇ ಗುಂಪು ಗುಂಪಾಗಿ ನಿಂತಿರುತ್ತಾರೆ. 1780ರ ಹೊತ್ತಿಗೆ ಕೋವಿಯ ತುದಿಗೆ ಬಯೋನೆಟ್ ಸಿಕ್ಕಿಸಿದ ಸಿಪಾಯಿಯೇ ಈಟಿಗಾರನೂ ಆಗಿರುತ್ತಾನೆ. ಇವೆರಡೂ ಬೇರೆ ಬೇರೆ ಲೋಕಗಳು.

ಕೋವಿ ಬಂದರೆ ಕತ್ತಿ, ಬಿಲ್ಲು, ಮಂತ್ರ ಎಲ್ಲಾ ವೇಸ್ಟ್ ಆಗಲ್ವಾ?

ಆಗುವುದಿಲ್ಲ. ಆಗುತ್ತದೆ ಅನ್ನಿಸುವುದು ನಮ್ಮ ತಲೆಯಲ್ಲಿ ಸಿನಿಮಾದ ಬಂದೂಕು ಇರುವುದರಿಂದ. ಈ ಕಾಲದ ಸೈನಿಕನ ಕೋವಿ ನಿಮಿಷಕ್ಕೆ ಎರಡು ಅಥವಾ ಮೂರು ಗುಂಡು ಹಾರಿಸುತ್ತದೆ, ಅದೂ ಚೆನ್ನಾಗಿ ಪಳಗಿದವನ ಕೈಯಲ್ಲಿ. ನಳಿಗೆಯ ಒಳಗೆ ತಿರುಚು ಗೆರೆ ಇಲ್ಲದ ಕಾರಣ ನೂರು ಗಜದಾಚೆ ಒಬ್ಬ ಮನುಷ್ಯನಿಗೆ ಗುರಿ ಇಡುವುದು ಹೆಚ್ಚು ಕಡಿಮೆ ದೇವರ ಮೇಲೆ ಭಾರ ಹಾಕಿದ ಹಾಗೆ. ಪಿಸ್ತೂಲು ಇನ್ನೂ ಕಡೆ, ಒಂದು ಅಂಗಳದ ಅಗಲ ದಾಟಿದರೆ ನಂಬಬೇಡಿ.

ಬಿಲ್ಲುಗಾರ ಅಷ್ಟು ಹೊತ್ತಿನಲ್ಲಿ ಹಲವಾರು ಬಾಣ ಬಿಡಬಲ್ಲ. ಹಾಗಿದ್ದರೂ ಬಿಲ್ಲು ಸೋತದ್ದು ಯಾಕೆ? ಒಳ್ಳೆ ಬಿಲ್ಲುಗಾರ ತಯಾರಾಗಲು ವರ್ಷಗಟ್ಟಲೆ ಬೇಕು. ಕೋವಿ ಹಿಡಿದ ರೈತನ ಮಗ ಕೆಲವು ತಿಂಗಳ ಕವಾಯತಿನಲ್ಲಿ ಸಾಲಿನಲ್ಲಿ ನಿಲ್ಲುತ್ತಾನೆ. 1746ರಲ್ಲಿ ಮದ್ರಾಸಿನ ಹತ್ತಿರ ಅಡ್ಯಾರ್ ನದಿಯ ದಡದಲ್ಲಿ ಕೆಲವೇ ನೂರು ಜನರ ಫ್ರೆಂಚ್ ಪಡೆ, ಅದರಲ್ಲೂ ಬಹುಪಾಲು ನಮ್ಮ ಕಡೆಯ ಸಿಪಾಯಿಗಳು, ಆರ್ಕಾಟ್ ನವಾಬನ ದೊಡ್ಡ ಸೈನ್ಯವನ್ನು ಓಡಿಸಿತು. ಅಲ್ಲಿ ಗೆದ್ದದ್ದು ಕವಾಯತು.

ನಿಮ್ಮ ಲೋಕಕ್ಕೂ ಇದೇ ಬೀಗದ ಕೈ. ಕೋವಿ ಒಬ್ಬ ಹೀರೋನ ಆಯುಧ ಅಲ್ಲ, ಸಂಬಳ ಕೊಡುವ ಸರ್ಕಾರದ ಆಯುಧ. ಮದ್ದು ಯಾರು ಮಾಡುತ್ತಾರೆ, ತೋಪು ಯಾರು ಎಳೆಯುತ್ತಾರೆ, ಸಿಪಾಯಿಗೆ ಸಂಬಳ ಎಷ್ಟು ತಿಂಗಳು ಬಾಕಿ ಇದೆ: ಈ ಮೂರು ಬರೆದಿಟ್ಟುಕೊಂಡರೆ ಅರ್ಧ ಲೋಕ ತಾನಾಗೇ ಎದ್ದು ನಿಲ್ಲುತ್ತದೆ.

ರೀಲೋಡ್ ನಿಯಮ ಇಟ್ಟರೆ ಆಟಗಾರರು ಬೋರ್ ಅಂತಾರೆ. ತೆಗೆದು ಹಾಕಲಾ?

ಲೆಕ್ಕ ನೋಡಿ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯಲ್ಲಿ ಒಂದು ಸುತ್ತು ಅಂದರೆ 6 ಸೆಕೆಂಡ್. ಅದರ ಮಸ್ಕೆಟ್‌ಗೆ, ಅಂದರೆ ಸೈನಿಕನ ಉದ್ದ ಕೋವಿಗೆ, ಏಟಿನ ಲೆಕ್ಕಕ್ಕೆ ಸಿಗುವುದು ಹನ್ನೆರಡು ಮುಖದ ಡೈಸ್, ಮತ್ತು ಪ್ರತಿ ಸುತ್ತಿಗೂ ಒಂದು ಗುಂಡು. ಅಂದರೆ ನಿಮಿಷಕ್ಕೆ ಹತ್ತು. ನಿಜವಾದ ಸಿಪಾಯಿಗಿಂತ ಮೂರು ಪಟ್ಟು ವೇಗ! ಹಾಗೆ ಮಾಡಿದರೆ ಕೋವಿ ಅನ್ನುವುದು ಸುಮ್ನೆ ಸದ್ದು ಮಾಡುವ ಬಿಲ್ಲಾಗುತ್ತದೆ.

ನಾನು ಇಡುವ ನಿಯಮ ಇದು. ಗುಂಡು ತಾಗಿದರೆ ಹನ್ನೆರಡು ಮುಖದ ಎರಡು ಡೈಸ್. ಮತ್ತೆ ತುಂಬಲು ಪೂರ್ತಿ ಮೂರು ಸುತ್ತು. ನಿಂತಲ್ಲೇ ನಿಂತು, ಬೇರೇನೂ ಮಾಡದೆ. ಆಗ ಆಟಗಾರರು ತಾವಾಗೇ ಆ ಕಾಲದವರ ಹಾಗೆ ಯೋಚಿಸುತ್ತಾರೆ. ಸೊಂಟಕ್ಕೆ ಎರಡು ಪಿಸ್ತೂಲು ಸಿಕ್ಕಿಸಿಕೊಳ್ಳುತ್ತಾರೆ. ಮೊದಲ ಗುಂಡು ಯಾವಾಗ ಅಂತ ಜಗಳ ಆಡುತ್ತಾರೆ. ಗುಂಡು ಹಾರಿದ ಮೇಲೆ ಕತ್ತಿ ಹಿರಿಯುತ್ತಾರೆ. ತುಂಬುವವನ ಮುಂದೆ ಇನ್ನೊಬ್ಬ ಅಡ್ಡ ನಿಲ್ಲುತ್ತಾನೆ.

ತುಂಬುವ ಕೆಲಸವನ್ನು ಬಾಯಲ್ಲಿ ಹೇಳಿಸಿ. ಕಾಗದದ ತೋಟಾ ಹಲ್ಲಿನಲ್ಲಿ ಕಚ್ಚಿ ಹರಿಯಬೇಕು. ಚಿಟಿಕೆ ಮದ್ದು ಕೋವಿಯ ಕಿವಿಯ ಬಟ್ಟಲಿಗೆ, ಉಳಿದದ್ದು ನಳಿಗೆಗೆ. ಗುಂಡು ಹಾಕಿ ಗಜದಿಂದ, ಅಂದರೆ ತುಂಬುವ ಕೋಲಿನಿಂದ, ಜಡಿಯಬೇಕು. ಆಮೇಲೆ ಚಕಮಕಿ ಕಲ್ಲು ಸಿಕ್ಕಿಸಿದ ಕೊಕ್ಕೆಯನ್ನು, ಅಂದರೆ ಕುದುರೆಯನ್ನು, ಎಳೆದು ಗುರಿ. ಬಾಯಿಗೆ ಪ್ರತಿ ಸಲವೂ ಉಪ್ಪುಪ್ಪಾದ ಮದ್ದು ಹೋಗುವುದರಿಂದ ಕಾಳಗ ಮುಗಿಯುವಾಗ ಎಲ್ಲರ ತುಟಿ ಕಪ್ಪಾಗಿ, ಗಂಟಲು ಒಣಗಿ, ನೀರಿಗಾಗಿ ಒದ್ದಾಡುತ್ತಿರುತ್ತಾರೆ. ಗೂಢಚಾರನನ್ನು ಹಿಡಿಯಲು ಇದಕ್ಕಿಂತ ಒಳ್ಳೆ ಸುಳಿವು ಬೇಕಾ? ‘ನಾನು ಬರೀ ವ್ಯಾಪಾರಿ’ ಅನ್ನುವವನ ತುಟಿ ನೋಡಿ.

ಮಿಸ್‌ಫೈರ್, ಹೊಗೆ, ಮಳೆ: ಇವಕ್ಕೂ ನಿಯಮ ಬೇಕಾ?

ಮಿಸ್‌ಫೈರ್‌ಗೆ ಸರಳ ನಿಯಮ ಸಾಕು. ಇಪ್ಪತ್ತು ಮುಖದ ಡೈಸಿನಲ್ಲಿ 1 ಅಥವಾ 2 ಬಿದ್ದರೆ ಬಟ್ಟಲಿನ ಮದ್ದು ಬುಸ್ ಅನ್ನುತ್ತದೆ, ಗುಂಡು ಹಾರುವುದಿಲ್ಲ. ಕಲ್ಲು ಸವೆದಿದ್ದರೆ 4ರವರೆಗೆ. ಕಲ್ಲು ಇಪ್ಪತ್ತು ಮೂವತ್ತು ಗುಂಡಿಗೆ ಮೊಂಡಾಗುತ್ತದೆ, ಹಾಗಾಗಿ ಹೊಸ ಕಲ್ಲು ಚೀಲದಲ್ಲಿ ಇರಲೇಬೇಕು. ಕೋವಿ ಕೈಯಲ್ಲೇ ಸಿಡಿಯುವ ನಿಯಮ ಮಾತ್ರ ಬೇಡ. ಆಟಗಾರರು ಕೋವಿ ಮುಟ್ಟುವುದನ್ನೇ ಬಿಟ್ಟುಬಿಡುತ್ತಾರೆ.

ಹೊಗೆಯನ್ನು ಬಹಳ ಜನ ಮರೆಯುತ್ತಾರೆ, ಅದೇ ನನಗೆ ಬೇಜಾರು. ಕರಿಮದ್ದಿನ ಹೊಗೆ ಬೆಳ್ಳಗೆ, ದಟ್ಟವಾಗಿ, ಗಾಳಿ ಇಲ್ಲದಿದ್ದರೆ ಅಲ್ಲೇ ನಿಂತುಬಿಡುತ್ತದೆ. ಗುಂಡು ಹಾರಿದ ಪ್ರತಿ ಚೌಕದಲ್ಲೂ ನಕ್ಷೆಯ ಮೇಲೆ ಒಂದಿಷ್ಟು ಹತ್ತಿ ಇಡಿ. ಮೂರು ಸುತ್ತಿನಲ್ಲಿ ಮೇಜೆಲ್ಲಾ ಹತ್ತಿ. ಯಾರು ನಮ್ಮವರು, ಯಾರು ಶತ್ರು ಅಂತ ಗೊತ್ತಾಗದೆ ಕೂಗಾಡುವಾಗ ಗಾಳಿ ಎಬ್ಬಿಸುವ ಸಣ್ಣ ಮಂತ್ರವೊಂದು ಬೆಂಕಿ ಉಂಡೆಗಿಂತ ಬೆಲೆಯುಳ್ಳದ್ದಾಗುತ್ತದೆ.

ಮಳೆಯ ಬಗ್ಗೆ ಪ್ಲಾಸಿ ಕಾಳಗವೇ ಸಾಕ್ಷಿ. 1757ರ ಜೂನ್ 23ರಂದು ನಡುವೆ ಜೋರು ಮಳೆ ಬಂತು. ಈಸ್ಟ್ ಇಂಡಿಯಾ ಕಂಪನಿಯವರು ಮದ್ದಿನ ಮೇಲೆ ಟಾರ್ಪಾಲು ಹೊದಿಸಿದ್ದರು. ಬಂಗಾಳದ ನವಾಬನ ಕಡೆಯ ಮದ್ದು ನೆನೆದು ಹೋಯಿತು. ಮಲೆನಾಡಿನಂಥ ಪ್ರದೇಶ ನಿಮ್ಮ ನಕ್ಷೆಯಲ್ಲಿದ್ದರೆ ಆಷಾಢದಲ್ಲಿ ಅಲ್ಲಿ ಕೋವಿಯ ರಾಜ್ಯಭಾರ ನಿಲ್ಲುತ್ತದೆ. ಬೇಸಿಗೆಯಲ್ಲಿ ಕಂದಾಯ ಕೊಟ್ಟ ಪಾಳೆಗಾರ ಮಳೆಗಾಲದಲ್ಲಿ ದಂಗೆ ಏಳುತ್ತಾನೆ. ಮಳೆ ತರಿಸುವವರನ್ನು ಸರ್ಕಾರ ಹುಡುಕಿ ಹುಡುಕಿ ಜೈಲಿಗೆ ಹಾಕುತ್ತದೆ.

ಮದ್ದು ಎಲ್ಲಿಂದ ಬರುತ್ತದೆ ಅನ್ನುವುದು ಅಷ್ಟು ಮುಖ್ಯವಾ?

ಎಲ್ಲಕ್ಕಿಂತ ಮುಖ್ಯ. ಮದ್ದು ಅಂದರೆ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ, ಸುಮಾರಾಗಿ. ಇದ್ದಿಲು ಎಲ್ಲಿಯಾದರೂ ಸಿಗುತ್ತದೆ. ತಲೆನೋವು ಪೆಟ್ಲುಪ್ಪಿನದು. ಅದು ದನದ ಕೊಟ್ಟಿಗೆಯ ನೆಲ, ಹಳೇ ಮಣ್ಣಿನ ಗೋಡೆ, ಗಂಜಲ ಇಂಗಿದ ಜಾಗಗಳಲ್ಲಿ ಬಿಳಿ ಹಿಟ್ಟಿನ ಹಾಗೆ ಕಾಣಿಸಿಕೊಳ್ಳುತ್ತದೆ. ಆ ಮಣ್ಣನ್ನು ನೀರಿನಲ್ಲಿ ಸೋಸಿ, ಕುದಿಸಿ, ಹರಳು ಕಟ್ಟಿಸುತ್ತಾರೆ. ಬಿಹಾರದಲ್ಲಿ ಈ ಕೆಲಸ ಮಾಡುತ್ತಿದ್ದವರು ನೂನಿಯಾ ಜನ. ಪಟ್ನಾದ ಪೆಟ್ಲುಪ್ಪು ಹಡಗು ಹತ್ತಿ ಯುರೋಪಿನ ಯುದ್ಧಗಳಿಗೆ ಹೋಗುತ್ತಿತ್ತು. ಪ್ಲಾಸಿಯ ಮರುವರ್ಷವೇ ಕಂಪನಿ ಈ ವ್ಯಾಪಾರವನ್ನು ಪೂರ್ತಿ ತನ್ನ ಕೈಗೆ ತೆಗೆದುಕೊಂಡಿತು. ಕೈತಪ್ಪಿದ ಫ್ರೆಂಚರು 1775ರಲ್ಲಿ ಮದ್ದಿನ ಇಲಾಖೆಯನ್ನೇ ಹೊಸದಾಗಿ ಕಟ್ಟಿ, ರಸಾಯನಶಾಸ್ತ್ರಜ್ಞ ಲವಾಸಿಯೇಯನ್ನು ಅದರ ಮೇಲ್ವಿಚಾರಕರಲ್ಲಿ ಒಬ್ಬನನ್ನಾಗಿ ಕೂರಿಸಿದರು.

ಈಗ ಇದನ್ನು ಲೋಕಕ್ಕೆ ಹಾಕಿ. ಸರ್ಕಾರದ ಅಮಲ್ದಾರ ಬಂದು ನಿಮ್ಮ ಕೊಟ್ಟಿಗೆಯ ನೆಲ ಅಗೆದುಕೊಂಡು ಹೋಗುತ್ತಾನೆ. ಊರವರು ಅವನನ್ನು ತೆರಿಗೆಯವನಿಗಿಂತ ಜಾಸ್ತಿ ದ್ವೇಷಿಸುತ್ತಾರೆ. ಹಳೇ ಸ್ಮಶಾನದ ಮಣ್ಣಿನಲ್ಲಿ ಒಳ್ಳೆ ಪೆಟ್ಲುಪ್ಪು ಸಿಗುತ್ತದೆ ಅಂತ ಇಟ್ಟುಕೊಳ್ಳಿ. ಅಲ್ಲಿಂದ ಮಾಡಿದ ಮದ್ದಿನ ಹೊಗೆಯಲ್ಲಿ ಸತ್ತವರ ದನಿ ಕೇಳಿಸಿದರೆ? ಮಂತ್ರವೂ ಬಂತು, ರಾಜಕೀಯವೂ ಬಂತು, ಒಂದೇ ಏಟಿಗೆ.

ಮಂತ್ರ ಮತ್ತು ಕೋವಿ ಹೇಗೆ ಒಟ್ಟಿಗೆ ಇರುತ್ತವೆ?

ಎರಡೂ ಒಂದೇ ಕೆಲಸ ಮಾಡಬಾರದು. ಬೆಂಕಿ ಉಂಡೆ ಎಸೆಯುವ ಹತ್ತು ಜನ ಮಂತ್ರವಾದಿಗಳು ಇದ್ದರೆ ಯಾವ ರಾಜ ತೋಪು ಎರಕ ಹೊಯ್ಯಿಸುತ್ತಾನೆ? ಮಂತ್ರಕ್ಕೆ ಕೋವಿ ಮಾಡಲಾಗದ ಕೆಲಸ ಕೊಡಿ: ಸುದ್ದಿ ಮುಟ್ಟಿಸುವುದು, ಗಾಯ ಮಾಗಿಸುವುದು, ಮಳೆ, ಮಂಜು, ಸುಳ್ಳು ಹಿಡಿಯುವುದು, ಸತ್ತವರನ್ನು ಮಾತಾಡಿಸುವುದು.

ಇನ್ನೊಂದು ದಾರಿ, ಕೋವಿಯನ್ನೇ ಆಚರಣೆಯೊಳಗೆ ತರುವುದು. ಇದಕ್ಕೆ ಕೊಡಗಿಗಿಂತ ಒಳ್ಳೆ ಮಾದರಿ ನನಗೆ ಗೊತ್ತಿಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗಳನ್ನು ಸಾಲಾಗಿ ಇಟ್ಟು, ತೋಕ್ ಪೂ ಅನ್ನುವ ಹೂ ಮುಡಿಸಿ ಪೂಜೆ ಮಾಡುತ್ತಾರೆ. ಗಂಡು ಮಗು ಹುಟ್ಟಿದರೆ ಗಾಳಿಯಲ್ಲಿ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸುವ ಪದ್ಧತಿ ಇದೆ. ನಿಮ್ಮ ಲೋಕದ ಬೆಟ್ಟದ ಜನರಿಗೂ ಇಂಥದ್ದೇ ಒಂದು ಕೊಡಿ. ಕಣಿವೆಯಾಚೆ ಎರಡು ಗುಂಡಿನ ಸದ್ದು ಕೇಳುತ್ತದೆ. ಗುಂಪಿನಲ್ಲಿ ಆ ಊರಿನವನೊಬ್ಬ ಇದ್ದರೆ, ಡೈಸ್ ಮುಟ್ಟುವ ಮೊದಲೇ ಅವನ ಮುಖ ನೋಡಿ. ಆದರೆ ಹೆಸರು, ವಿವರ ಬದಲಿಸಿ. ಬದುಕಿರುವ ಜನರ ಆಚರಣೆಯನ್ನು ಎತ್ತಿಕೊಂಡು ರಾಕ್ಷಸರ ಪೂಜೆ ಮಾಡಿಬಿಡಬೇಡಿ.

ಮಂತ್ರವಾದಿ ಬೆಂಕಿ ಹಚ್ಚಿದರೆ ಎದುರಿಗಿರುವವರ ಮದ್ದೆಲ್ಲ ಸಿಡಿಯುತ್ತದಾ?

ಸೊಂಟದ ಚೀಲದ ಮದ್ದು ಸಿಡಿಯುವುದಿಲ್ಲ ಅಂತ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಆಟ ಅಲ್ಲಿಗೇ ಮುಗಿಯಿತು. ಪೀಪಾಯಿ, ಗಾಡಿ, ಮದ್ದಿನ ಮನೆ ಸಿಡಿಯುತ್ತವೆ, ಸಿಡಿಯಲೇಬೇಕು. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕಂಪನಿಯ ಕರ್ನಲ್ ಬೇಲಿಯ ಪಡೆಯ ಮದ್ದಿನ ಗಾಡಿಗಳು ಸಿಡಿದು ಅವನ ಕಥೆ ಮುಗಿದದ್ದು ನೆನಪಿರಲಿ.

ಎಲ್ಲರೂ ಕಡಲ್ಗಳ್ಳರು, ನೆಪೋಲಿಯನ್ ಅಂತಾರೆ. ನೀವ್ಯಾಕೆ ಮೈಸೂರು ಹಿಡಿದಿದ್ದೀರಿ?

ಫ್ಯಾಂಟಸಿಗೆ ಬೇಕಾದ ಕಲಬೆರಕೆ ಇಲ್ಲಿ ಆಗಲೇ ತಯಾರಾಗಿದೆ. ಒಂದೇ ಸೈನ್ಯದಲ್ಲಿ ಫ್ಲಿಂಟ್‌ಲಾಕ್ ಹಿಡಿದ ಕವಾಯತಿನ ಸಿಪಾಯಿ, ಬತ್ತಿ ಕೋವಿ ಹಿಡಿದ, ಕಂದಾಚಾರ ಅನ್ನುವ ಸ್ಥಳೀಯ ಪಡೆಯ ಆಳು, ಕತ್ತಿಯ ಕುದುರೆ ಸವಾರ, ಬೇಡರ ಪಡೆ, ಫ್ರೆಂಚ್ ಕೂಲಿ ಸೈನಿಕ, ಬಾಣ ಹಾರಿಸುವವ, ಎಲ್ಲರೂ ಇದ್ದಾರೆ. ಹಳೆಯದು ಹೊಸದು ಒಟ್ಟಿಗೆ ಇರುವುದಕ್ಕೆ ನೆಪ ಹುಡುಕಬೇಕಿಲ್ಲ.

ಇಲ್ಲಿ ಬಾಣ ಅಂದರೆ ರಾಕೆಟ್. ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿ, ಉದ್ದನೆ ಬಿದಿರಿಗೋ ಕತ್ತಿಯ ಅಲಗಿಗೋ ಕಟ್ಟಿ ಬಿಡುತ್ತಿದ್ದರು. ಯುರೋಪಿನಲ್ಲಿ ಕಾಗದದ ಕೊಳವೆ ಇದ್ದ ಕಾಲದಲ್ಲಿ ಕಬ್ಬಿಣದ ಕೊಳವೆ ಹೆಚ್ಚಿನ ಒತ್ತಡ ತಾಳುತ್ತಿತ್ತು, ಅದಕ್ಕೇ ಒಂದೆರಡು ಕಿಲೋಮೀಟರ್ ದೂರ ಹೋಗುತ್ತಿತ್ತು. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗಿನ ಸುಲ್ತಾನ್‌ಪೇಟೆಯ ಮರಗಳ ತೋಪಿನಲ್ಲಿ ಬಾಣ, ಗುಂಡುಗಳ ನಡುವೆ ಕತ್ತಲಲ್ಲಿ ದಾರಿ ತಪ್ಪಿ ಹಿಂದೆ ಸರಿದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂ ಗೆದ್ದವನು. ಇಲ್ಲಿಂದ ಹೋದ ಬಾಣಗಳನ್ನು ನೋಡಿಯೇ ಇಂಗ್ಲೆಂಡಿನಲ್ಲಿ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದಲ್ಲಿ ಹಳೇ ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಬಾಣಗಳು ಸಿಕ್ಕವು. ಪಾಳು ಬಾವಿಯಲ್ಲಿ ಸಾವಿರ ರಾಕೆಟ್! ಇದಕ್ಕಿಂತ ಒಳ್ಳೆ ನಿಧಿ ನಾನು ಬರೆದರೆ ಯಾರೂ ನಂಬುವುದಿಲ್ಲ.

ಆಟದಲ್ಲಿ ಬಾಣಕ್ಕೆ ಎಂಟು ಮುಖದ ಡೈಸ್ ಹಾಕಿ. 1ರಿಂದ 5 ಬಿದ್ದರೆ ಹೊರಟ ದಿಕ್ಕಿಗೇ. 6 ಎಡಕ್ಕೆ, 7 ಬಲಕ್ಕೆ. 8 ಬಂದರೆ ನೆಲಕ್ಕೆ ಬಿದ್ದು ಹಾವಿನಂತೆ ಹರಿದಾಡಿ, ಎಲ್ಲಿಗೆ ಅಂತ ಮತ್ತೆ ಡೈಸ್. ಏಟಿಗಿಂತ ಹೆದರಿಕೆ ಜಾಸ್ತಿ ಇರಲಿ. ಕುದುರೆ, ಆನೆ, ಎತ್ತು ಇದ್ದ ಕಡೆ ಅಂತೂ ಕೇಳಲೇಬೇಡಿ.

ಎತ್ತು ಅಂದಿರಲ್ಲ, ಸಾಗಾಟವನ್ನೂ ಆಡಬೇಕಾ?

ಲೆಕ್ಕಪುಸ್ತಕ ಇಡಬೇಡಿ, ಆದರೆ ಎತ್ತುಗಳು ಕಥೆಯಲ್ಲಿ ಇರಲಿ. ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳೇ ಟಿಪ್ಪು ಕಾಲದಲ್ಲಿ ಅಮೃತಮಹಲ್ ಆದವು. ತೋಪು ಎಳೆಯುವ ವೇಗಕ್ಕೆ ಹೆಸರಾಗಿದ್ದವು. ಎದುರು ಕಡೆ ಏನಾಯಿತು? 1791ರ ಮೇ ತಿಂಗಳಲ್ಲಿ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರಕ್ಕೆ ಬಂದು ಕಾಳಗವನ್ನೂ ಗೆದ್ದ. ಆದರೆ ಎತ್ತುಗಳು ಸತ್ತಿದ್ದವು, ದವಸ ಮುಗಿದಿತ್ತು, ಮಳೆ ಶುರುವಾಗಿತ್ತು. ಕೋಟೆ ಒಡೆಯಲು ತಂದ ದೊಡ್ಡ ತೋಪುಗಳನ್ನು ತಾನೇ ಹಾಳು ಮಾಡಿ ವಾಪಸ್ ಹೊರಟ. ಗೆದ್ದವನು ಹಿಂದೆ ಹೋದ ಅಂದರೆ ಆಟಗಾರರಿಗೆ ಎಷ್ಟು ಕೆಲಸ ಇದೆ ನೋಡಿ. ಐದು ಜನರ ಗುಂಪು ಒಂದು ಸೈನ್ಯವನ್ನು ಎದುರಿಸಲಾರದು, ಆದರೆ ಎತ್ತಿನ ಕೊಟ್ಟಿಗೆಯ ಬಾಗಿಲು ತೆಗೆಯಬಲ್ಲದು.

ಸೈನ್ಯಗಳಿಗೆ ಹೇರೆತ್ತಿನ ಮೇಲೆ ದವಸ ತಂದು ಮಾರುತ್ತಿದ್ದವರು ಬಂಜಾರರು, ನಮ್ಮ ಕಡೆಯ ಲಂಬಾಣಿಗಳು. ಅಂಥ ತಾಂಡಾದ ನಾಯಕಿ ಒಬ್ಬಳು ಎರಡೂ ಸೈನ್ಯದ ಡೇರೆಯಲ್ಲಿ ಕೂತು ಮಾತಾಡಬಲ್ಲಳು. ನನ್ನ ಪ್ರಕಾರ ಇಡೀ ಲೋಕದಲ್ಲಿ ಅತಿ ಹೆಚ್ಚು ಅಧಿಕಾರ ಇರುವ ಪಾತ್ರ ಅದು.

ಗವಿಯ ಬದಲು ಏನು?

ಕೋಟೆ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನೊಮ್ಮೆ ನಡೆದು ಬನ್ನಿ, ನಕ್ಷೆ ಬರೆಯುವುದು ಆಮೇಲೆ. ನೇರ ದಾರಿಯೇ ಇಲ್ಲ. ಪ್ರತಿ ಬಾಗಿಲ ಮುಂದೆ ತಿರುವು, ಬಂಡೆ, ಮೇಲೆ ಕಾವಲು. ಒಳಗೆ ಕಣಜ, ಎಣ್ಣೆ ಕೊಳ, ಹೊಂಡ, ಗುಡಿ. ಓಬವ್ವನ ಕಿಂಡಿಯ ಕಥೆ ಎಲ್ಲರಿಗೂ ಗೊತ್ತು. ಅದನ್ನು ಡಿಸೈನ್ ಪಾಠವಾಗಿ ನೋಡಿ. ಒಬ್ಬೊಬ್ಬರೇ ತೆವಳಿ ಬರಬೇಕಾದ ಕಿಂಡಿಯಲ್ಲಿ ಕೋವಿಗೆ ಬೆಲೆ ಇಲ್ಲ, ಒನಕೆಗೆ ಇದೆ. ನಿಮ್ಮ ಕೋಟೆಯಲ್ಲಿ ಕೋವಿಯವನು ರಾಜನಾಗುವ ಜಾಗ ಎರಡು, ಅವನು ದಂಡವಾಗುವ ಜಾಗ ಎರಡು ಇರಲಿ.

ಮುತ್ತಿಗೆಗೆ ಗಡಿಯಾರ ಬೇಕು. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದವರಿಗೆ ಇದ್ದ ಆತಂಕ ಒಂದೇ: ಮಳೆ ಬಂದರೆ ಕಾವೇರಿ ತುಂಬುತ್ತದೆ, ದಾಟಲಾಗುವುದಿಲ್ಲ. ಮೇ 4ರ ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿದ್ದಾಗ ಲಗ್ಗೆ ಇಟ್ಟರು. ನಿಮ್ಮ ನದಿಗೂ ಹತ್ತು ಗೆರೆ ಬರೆಯಿರಿ, ಪ್ರತಿ ದಿನಕ್ಕೆ ಒಂದು ಅಳಿಸಿ, ಆಟಗಾರರ ಕಣ್ಣೆದುರೇ.

ಟಿಪ್ಪು, ಹೈದರ್, ಕಾರ್ನ್‌ವಾಲಿಸ್ ಇವರನ್ನೇ ಆಟಕ್ಕೆ ತರಬಹುದಾ?

ಬೇಡ ಅನ್ನುವುದು ನನ್ನ ಸಲಹೆ. ಶ್ರೀರಂಗಪಟ್ಟಣದವರಿಗೆ ಇರುವ ನೆನಪು ಬೇರೆ, ಕೊಡಗಿನವರದು ಬೇರೆ, 1784ರಲ್ಲಿ ಸೆರೆ ಹೋದ ಮಂಗಳೂರು ಕೆಥೊಲಿಕರ ಮನೆತನಗಳದು ಬೇರೆ. ಮೇಜಿನ ಸುತ್ತ ಈ ಮೂರೂ ಮನೆಯವರು ಕೂತಿರಬಹುದು. ಹೆಸರು ಬದಲಿಸಿ, ನದಿ ನಡುವಿನ ರಾಜಧಾನಿ ಅಂತ ಇಟ್ಟುಕೊಂಡು, ಘಟನೆಯ ಆಕಾರ ಮಾತ್ರ ಉಳಿಸಿಕೊಳ್ಳಿ. ಟಿಪ್ಪು ಸೋತು ಮಾಡಿಕೊಂಡ 1792ರ ಒಪ್ಪಂದ ನೋಡಿ: ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಜೊತೆಗೆ ಇಬ್ಬರು ಎಳೆಯ ರಾಜಕುಮಾರರು ಒತ್ತೆ. ಆ ಮಕ್ಕಳು ವಾಪಸ್ ಬಂದದ್ದು 1794ರಲ್ಲಿ. ಶತ್ರುವಿನ ಮನೆಯಲ್ಲಿ ಎರಡು ವರ್ಷ ಬೆಳೆದ ಮಗು ಏನಾಗಿ ವಾಪಸ್ ಬರುತ್ತದೆ? ಈ ಪ್ರಶ್ನೆ ಯಾವ ಹೆಸರಿನಲ್ಲಿ ಕೇಳಿದರೂ ಕೆಲಸ ಮಾಡುತ್ತದೆ.

ಹೆಣ್ಣು ಪಾತ್ರಗಳು ಸೈನ್ಯದಲ್ಲಿ ಇದ್ದರೆ ಅಸಹಜ ಅನ್ನಿಸಲ್ವಾ?

ಕಿತ್ತೂರಿನಲ್ಲಿ 1824ರಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತದ್ದು ರಾಣಿ ಚೆನ್ನಮ್ಮನ ಪಡೆಯ ಕೈಯಲ್ಲಿ. ಉತ್ತರದಲ್ಲಿ ಸರ್ಧನಾದ ಬೇಗಂ ಸಮ್ರು ಯುರೋಪಿಯನ್ ಅಧಿಕಾರಿಗಳಿದ್ದ ಪಡೆಯನ್ನೇ ನಡೆಸಿದಳು. ಮುಂದಿನ ಪ್ರಶ್ನೆ.

ಯಾವ ಪಾತ್ರಗಳನ್ನು ಆಟಗಾರರಿಗೆ ಕೊಡಲಿ?

ಫೈಟರ್, ವಿಝಾರ್ಡ್ ಅಂತ ಶುರು ಮಾಡದೆ ಕಸುಬಿನಿಂದ ಶುರು ಮಾಡಿ. ಮದ್ದು ಅರೆಯುವ ಮನೆಯಿಂದ ಓಡಿ ಬಂದ ಹುಡುಗಿ, ಅವಳಿಗೆ ಮೂಸಿದರೆ ಮದ್ದಿನ ಗುಣ ಗೊತ್ತಾಗುತ್ತದೆ. ಎಂಟು ತಿಂಗಳ ಸಂಬಳ ಬಾಕಿ ಇರುವ ಸಿಪಾಯಿ. ರಾಜ್ಯ ಕಳೆದುಕೊಂಡ ಪಾಳೆಗಾರನ ತಮ್ಮ. ಓಲೆ ಹೊರುವ ಹರಕಾರ. ಭಾಷೆ ಅರ್ಧಂಬರ್ಧ ಕಲಿತ ಪರದೇಶಿ ತೋಪುಗಾರ, ಊರಿಗೆ ಹೋಗುವ ಆಸೆ ಬಿಟ್ಟವನು. ಊರ ಚೌಡಿಯ ಪೂಜಾರಿ, ಆದರೆ ಚೌಡಿಯ ಕಲ್ಲನ್ನೇ ಕೊತ್ತಲ ಕಟ್ಟಲು ಎತ್ತಿಕೊಂಡು ಹೋಗಿದ್ದಾರೆ.

ದುಡ್ಡು ವರಹ, ಹಣ, ಕಾಸು. ಹತ್ತು ಹಣಕ್ಕೆ ಒಂದು ವರಹ ಅಂತ ಇಟ್ಟರೆ ಲೆಕ್ಕ ಸುಲಭ.

ಮೊದಲ ದಿನ ಏನು ಆಡಿಸಲಿ?

ಯುದ್ಧ ಬೇಡ. ಜ್ಯೇಷ್ಠದ ಕೊನೆ, ಮೋಡ ಕಟ್ಟಿದೆ. ಮದ್ದಿನ ಹನ್ನೆರಡು ಪೀಪಾಯಿ ಇರುವ ಮೂರು ಗಾಡಿಗಳು ಘಟ್ಟ ಹತ್ತಬೇಕು. ಆಟಗಾರರು ಕಾವಲಿಗೆ. ಟಾರ್ಪಾಲು ಎರಡೇ ಗಾಡಿಗೆ ಸಾಲುತ್ತದೆ. ಗಾಡಿ ಹೊಡೆಯುವವರಿಗೆ ಸಂಬಳ ಬಂದಿಲ್ಲ. ದಾರಿಯ ಊರಿನವರ ಕೊಟ್ಟಿಗೆಯ ನೆಲವನ್ನು ಹೋದ ವಾರವಷ್ಟೇ ಅಮಲ್ದಾರ ಅಗೆಸಿದ್ದಾನೆ, ಅವರಿಗೆ ಸರ್ಕಾರದ ಗಾಡಿ ಕಂಡರೆ ಆಗುವುದಿಲ್ಲ. ರಾತ್ರಿ ಪೀಪಾಯಿಗಳೊಳಗಿಂದ ಯಾರೋ ಹೆಸರು ಹಿಡಿದು ಕರೆದ ಹಾಗೆ ಕೇಳುತ್ತದೆ. ಪ್ರತಿಯೊಬ್ಬರ ಕೈಯಲ್ಲೂ ಒಂದೇ ತುಂಬಿದ ಕೋವಿ, ಮೂರೇ ತೋಟಾ.

ಯಾವ ಗಾಡಿಗೆ ಟಾರ್ಪಾಲು ಇಲ್ಲ ಅಂತ ಮೊದಲೇ ಅವರಿಂದಲೇ ಕೇಳಿ ಬರೆದಿಟ್ಟುಕೊಳ್ಳಿ. ಆಮೇಲೆ ಮಳೆಗೆ ಡೈಸ್ ಹಾಕಿ.